ಫೋನ್ ಕವರಿನೊಳಗಿನ ಎಟಿಎಂ ಕಾರ್ಡು

ಕುರ್ಲಾದಲ್ಲಿ ನಮ್ಮವರು ನಾಲ್ಕು ಮಂದಿ ಸೇರಿದಲ್ಲಿ ಒಂದು ಹೆದರಿಕೆಯ ಮಾತು ಬಂದೇ ಬರುತ್ತದೆ. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಯಾರಾದರೂ ಸ್ವೈಪಿಂಗ್ ಮೆಷಿನನ್ನು ಕಿಸೆಗೆ ತಾಗಿಸಿದರೆ ದುಡ್ಡು ಹೋಗುತ್ತದಂತೆ; ಆದ್ದರಿಂದ ಫೋನಿನಲ್ಲಿ ಟ್ಯಾಪ್ ಮಾಡಿ ಪಾವತಿಸುವ ಗೊಡವೆಯೇ ಬೇಡವಂತೆ. ಬಿಕೆಸಿಯಲ್ಲಿ ಪಾವತಿ ತಂತ್ರಾಂಶದ ಕೆಲಸ ಮಾಡುವ ನನ್ನನ್ನು ಬಂಟರ ಭವನದ ಮದುವೆ ಊಟದ ಸಾಲಿನಲ್ಲೂ ಇದನ್ನು ಕೇಳಿದವರಿದ್ದಾರೆ. ಹೆದರುವುದು ಸರಿ, ಹೆದರುವ ಜಾಗ ಸರಿಯಿಲ್ಲ.

ಟ್ಯಾಪ್ ಪಾವತಿಯ ರೇಡಿಯೊ ಸಂಪರ್ಕ ಸುಮಾರು 4 ಸೆಂಟಿಮೀಟರ್ ದೂರಕ್ಕಷ್ಟೇ ನಿಲುಕುತ್ತದೆ. ಫೋನ್ ಲಾಕ್ ಆಗಿದ್ದರೆ ಸಾಮಾನ್ಯವಾಗಿ ಹಣ ಹೊರಡುವುದಿಲ್ಲ. ಅಂಗಡಿಯ ಮೆಷಿನಿಗೆ ಕಾರ್ಡಿನ ನಿಜವಾದ ನಂಬರ್ ಸಿಗುವುದೇ ಇಲ್ಲ. ಆ ಫೋನಿಗೆಂದೇ ಕೊಟ್ಟ ಬದಲಿ ನಂಬರ್, ಅಂದರೆ ಟೋಕನ್, ಮಾತ್ರ ಹೋಗುತ್ತದೆ. ರಿಸರ್ವ್ ಬ್ಯಾಂಕ್ 2019ರ ಜನವರಿಯಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಹೋಲಿಸಿದರೆ ಕಿಸೆಯ ಪ್ಲಾಸ್ಟಿಕ್ ಕಾರ್ಡೇ ಹೆಚ್ಚು ಸಡಿಲ. 2021ರ ಜನವರಿ 1ರಿಂದ ಅದರಲ್ಲಿ ಒಮ್ಮೆಗೆ 5,000 ರೂ. ತನಕ ಪಿನ್ ಇಲ್ಲದೆ ಟ್ಯಾಪ್ ಮಾಡಬಹುದು, ಅದಕ್ಕೆ ಪರದೆಯೂ ಇಲ್ಲ, ಬೀಗವೂ ಇಲ್ಲ. ಬೇಡವಾದವರು ಬ್ಯಾಂಕಿನ ಆಪ್‌ನಲ್ಲಿ ಆ ಸೌಲಭ್ಯವನ್ನು ಬಂದ್ ಮಾಡಿಡಬಹುದು.

ನಿಜವಾದ ಅಪಾಯ ಇಡೀ ಫೋನನ್ನೇ ಕಸಿದುಕೊಂಡು ಹೋಗುವವನದು. ಬಾಗಿಲಲ್ಲಿ ನಿಂತು ವಿಡಿಯೊ ನೋಡುತ್ತಿದ್ದವರ ಕೈಯಿಂದ ಹಾರಿದ ಫೋನು ಲಾಕ್ ಆಗಿರುವುದಿಲ್ಲ. ಯುಪಿಐ ಲೈಟ್‌ನಲ್ಲಿ ಹಣವಿಟ್ಟಿದ್ದರೆ ಅದು ಬಿದ್ದುಹೋದ ನೋಟಿನಂತೆಯೇ, ಅಲ್ಲಿ ಪಿನ್ ಕೇಳುವುದಿಲ್ಲ. ಅದಾದರೂ 5,000 ರೂ. ಮಿತಿಯೊಳಗಿನ ನಷ್ಟ. ನನ್ನ ನಿದ್ದೆ ಕೆಡಿಸುವುದು ಫೋನ್ ಕವರಿನ ಹಿಂದೆ ತುರುಕಿದ ಎಟಿಎಂ ಕಾರ್ಡು. ಹೋಟೆಲ್ ಕೆಲಸದ ಹುಡುಗರಲ್ಲಿ ಎಷ್ಟೋ ಮಂದಿ ಹೀಗೆ ಇಡುತ್ತಾರೆ. ಒಬ್ಬನಿಗೆ ಬೇಡವೆಂದಾಗ, "ಅಣ್ಣಾ, ರೂಮಿನಲ್ಲಿ ಎಂಟು ಜನ. ಬೇರೆ ಎಲ್ಲಿಡುವುದು?" ಎಂದು ಕೇಳಿದ. ನ್ಯಾಯವಾದ ಪ್ರಶ್ನೆ.

ಆದರೆ ಯುಪಿಐ ಪಿನ್ ಹೊಸದು ಮಾಡಲು ಆಪ್ ಕೇಳುವುದೇನು? ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಅವಧಿ ಮುಗಿಯುವ ತಿಂಗಳು-ವರ್ಷ, ಅದೇ ಸಿಮ್‌ಗೆ ಬರುವ ಒಟಿಪಿ. ಕೆಲವು ಬ್ಯಾಂಕುಗಳು ಎಟಿಎಂ ಪಿನ್ ಕೂಡ ಕೇಳುತ್ತವೆ. ಅದನ್ನೂ ಕಾಂಟ್ಯಾಕ್ಟ್ ಪಟ್ಟಿಯಲ್ಲಿ ಬರೆದಿಡುವ ಪುಣ್ಯಾತ್ಮರಿದ್ದಾರೆ! ಅಂದರೆ ಕಳ್ಳನಿಗೆ ಬೇಕಾದ್ದೆಲ್ಲ ಒಂದೇ ಕವರಿನೊಳಗೆ. ಊರಿಗೆ ಕಳುಹಿಸಬೇಕಾದ ಸಂಬಳ, ಮನೆಯವರ ನಂಬರ್, ಎಲ್‌ಟಿಟಿಯಿಂದ ಮತ್ಸ್ಯಗಂಧ ಹತ್ತಲು ತೆಗೆದ ಟಿಕೆಟ್ ಎಲ್ಲವೂ ಅದರಲ್ಲೇ.

ಇಲ್ಲಿ ತಪ್ಪನ್ನೆಲ್ಲ ಹುಡುಗರ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಯುಪಿಐ ನಡೆಸುವ ಎನ್‌ಪಿಸಿಐ ಕಚೇರಿ ಇರುವುದು ಬಿಕೆಸಿಯಲ್ಲೇ, ಕುರ್ಲಾ ಸ್ಟೇಶನ್ನಿಂದ ಶೇರ್ ರಿಕ್ಷಾದಲ್ಲಿ ಹೋಗುವಷ್ಟು ದೂರ. ಪಿನ್ ಬದಲಾದ ಮೊದಲ ದಿನ ದೊಡ್ಡ ಮೊತ್ತ ಹೊರಹೋಗದಂತೆ ಎಲ್ಲ ಬ್ಯಾಂಕುಗಳೂ ತಡೆ ಹಾಕಬೇಕು. ಬೆರಳೊತ್ತಿದರೆ ಪಾವತಿ ಎಂದು ವೇಗವನ್ನೇ ಜಾಹೀರಾತು ಮಾಡುವವರಿಗೆ ಒಂದು ದಿನದ ನಿಧಾನ ಭಾರವಾಗಬಾರದು. ಹೋಟೆಲ್ ಮಾಲಕರೂ ಕೆಲಸದವರಿಗೆ ಬೀಗವಿರುವ ಒಂದೊಂದು ಚಿಕ್ಕ ಪೆಟ್ಟಿಗೆ ಕೊಡಲಿ, ಖರ್ಚು ಹೆಚ್ಚಿಲ್ಲ.

ಅಷ್ಟರವರೆಗೆ ಸಿಮ್‌ಗೆ ಪಿನ್ ಹಾಕಿಕೊಳ್ಳಿ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಅದು ಆ ಪಿನ್ ಕೇಳುತ್ತದೆ, ಮೂರು ಸಲ ತಪ್ಪಿದರೆ ಮುಚ್ಚಿಕೊಳ್ಳುತ್ತದೆ. ಮೊದಲೇ ಇರುವ ಪಿನ್ ಯಾವುದೆಂದು ಕಂಪನಿಯವರನ್ನು ಕೇಳದೆ ಮಾತ್ರ ಕೈಹಾಕಬೇಡಿ. ಫೋನ್ ಹೋದ ಕೂಡಲೇ ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ಹೇಳಿ, ಸಿಮ್ ನಿಲ್ಲಿಸಿ, ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕನ ಅಜಾಗ್ರತೆಯಿಂದಲೇ ಆದ ನಷ್ಟವಾದರೂ ಬ್ಯಾಂಕಿಗೆ ತಿಳಿಸಿದ ಮೇಲೆ ಹೋಗುವ ಹಣ ಬ್ಯಾಂಕಿನ ಹೊಣೆ. ಆದ್ದರಿಂದ ದೂರಿನ ನಂಬರ್ ಮತ್ತು ಹೊತ್ತನ್ನು ಬರೆದಿಟ್ಟುಕೊಳ್ಳಿ.

ಪೊಲೀಸರಲ್ಲಿ "ಕಳೆದುಹೋಯಿತು" ಎಂದು ಬರೆಸಿ ಬರಬೇಡಿ. ಕಸಿದದ್ದಾದರೆ ಕಸಿದರು ಎಂದೇ ಬರೆಸಿ; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 304ನೇ ಕಲಮಿನಲ್ಲಿ ಅದು ಪ್ರತ್ಯೇಕ ಅಪರಾಧ. ಫೋನ್ ಹೋದದ್ದು ಠಾಣೆಯಲ್ಲಿಯೋ ಕಲ್ಯಾಣದಲ್ಲಿಯೋ ಆಗಿದ್ದರೂ ಕುರ್ಲಾ ರೈಲ್ವೆ ಪೊಲೀಸರಲ್ಲಿ ಎಫ್‌ಐಆರ್ ಕೇಳುವ ಹಕ್ಕು ನಿಮಗಿದೆ.