ತೊಟ್ಟಿಯ ಕಲ್ಲಿಗೆ ಹವಳ ಕೂರಿಸುವ ಮುನ್ನ

ಬೂದಿಗೆರೆ ಕಡೆಯ ಬೋರ್‌ವೆಲ್ ನೀರನ್ನು ಬಕೆಟ್‌ನಲ್ಲಿ ನಾಲ್ಕು ದಿನ ಬಿಟ್ಟರೆ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಗೀಸರ್ ಬಿಚ್ಚಿದಾಗ ಕಾಯಿಲ್ ಮೇಲೆ ಕಾಣುವ ಬಿಳಿ ಪದರವೂ ಅದೇ. ಅದರಲ್ಲಿ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸಮುದ್ರದ ಗಟ್ಟಿ ಹವಳ ಮನೆ ಕಟ್ಟಿಕೊಳ್ಳುವುದೂ ಇದೇ ವಸ್ತುವಿನಿಂದ. ಹವಳ ಕಲ್ಲಲ್ಲ, ಗಿಡವೂ ಅಲ್ಲ, ಪ್ರಾಣಿ. ಕುಜನಿಗೆಂದು ನಾವು ಉಂಗುರದಲ್ಲಿ ಧರಿಸುವ ಕೆಂಪು ಹವಳ ಅಂಥ ಪ್ರಾಣಿಗಳ ಗುಂಪು ಕಟ್ಟಿದ ಅಸ್ಥಿ.

ಬೂದಿಗೆರೆ ಕ್ರಾಸ್ ಸುತ್ತ ಅಪಾರ್ಟ್‌ಮೆಂಟುಗಳು ಎದ್ದ ಮೇಲೆ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ನೆಲದಲ್ಲೂ ಉಪ್ಪುನೀರಿನ ತೊಟ್ಟಿ ಇಡುವ ಆಸೆ ಕೆಲವರಿಗೆ ಹುಟ್ಟಿದೆ. ಅವರು ಕೇಳುವ ಮೊದಲ ಪ್ರಶ್ನೆ: "ಹವಳ ಕಲ್ಲಿನ ಮೇಲೆ ನಿಲ್ಲೋದೇ ಇಲ್ಲ, ಪೈಪಿಗೆ ಹಾಕೋ ಎಂ-ಸೀಲ್ ಹಾಕಿಬಿಡೋಣ್ವಾ?"

ಕೇಳಬೇಕಾದ ಪ್ರಶ್ನೆಯೇ. ನೀರೊಳಗೆ ಗಟ್ಟಿಯಾಗುವ ಅಕ್ವೇರಿಯಂ ಪುಟ್ಟಿಯೂ ಪ್ಲಂಬರ್ ಬಳಸುವ ಪುಟ್ಟಿಯೂ ಒಂದೇ ಕುಲದವು. ಎರಡರಲ್ಲೂ ಒಂದು ಭಾಗ ಎಪಾಕ್ಸಿ ರಾಳ, ಇನ್ನೊಂದು ಭಾಗ ಅದನ್ನು ಗಟ್ಟಿ ಮಾಡುವ ರಾಸಾಯನಿಕ. ಇವು ಒಣಗಿ ಗಟ್ಟಿಯಾಗುವುದಿಲ್ಲ, ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆ. ಆದ್ದರಿಂದಲೇ ನೀರಿನಲ್ಲೂ ಕೆಲಸ ನಡೆಯುತ್ತದೆ. ಆದರೆ ಕೊಳಾಯಿ ರಿಪೇರಿಗೆಂದು ಮಾಡಿದ್ದರಲ್ಲಿ ಬೇರೆ ಏನೇನು ಸೇರಿಸಿರುತ್ತಾರೋ ಕೊಳ್ಳುವವರಿಗೆ ತಿಳಿಯುವುದಿಲ್ಲ. ಅಕ್ವೇರಿಯಂಗೆಂದೇ ಬರೆದಿರುವುದನ್ನು ಕೊಳ್ಳಿ.

ಕೈಗವಸು ಹಾಕಿಕೊಂಡು ನೆಲ್ಲಿಕಾಯಿ ಗಾತ್ರದ ತುಂಡು ಕತ್ತರಿಸಿ. ಎರಡು ಬಣ್ಣದ ಗೆರೆಗಳು ಪೂರ್ತಿ ಮಾಯವಾಗುವ ತನಕ ಚಪಾತಿ ಹಿಟ್ಟಿನಂತೆ ನಾದಿ. ಗೆರೆ ಉಳಿದ ಕಡೆ ಅದು ಎಂದೂ ಗಟ್ಟಿಯಾಗುವುದಿಲ್ಲ. ಬೆರಳಿಗೆ ತುಸು ಬೆಚ್ಚಗೆನಿಸಿದರೆ ಬೆಸುಗೆ ಶುರುವಾಗಿದೆ ಎಂದರ್ಥ. ಇನ್ನು ಕೆಲವೇ ನಿಮಿಷ ಸಮಯ. ನೀರು ಓಡಿಸುವ ಪಂಪು ನಿಲ್ಲಿಸಿ, ಕಲ್ಲಿನ ಮೇಲಿನ ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೊದಲೇ ಉಜ್ಜಿ ತೆಗೆದಿರಬೇಕು.

ಎಡವುವುದು ಮುಂದಿನ ಹಂತದಲ್ಲಿ. ಪುಟ್ಟಿ ನೀರಿನಲ್ಲಿ ಅಂಟುವುದು ತೀರಾ ಕಡಿಮೆ. ಕಲ್ಲಿನ ಗುಳಿಗಳಿಗೆ ಒತ್ತಿ ತುಂಬಿದಾಗ ಅಲ್ಲೇ ಗಟ್ಟಿಯಾಗಿ ಗೂಟದಂತೆ ಕಚ್ಚಿಕೊಳ್ಳುತ್ತದೆ, ಅಷ್ಟೆ. ನುಣುಪು ಕಲ್ಲಿನ ಮೇಲೆ ಉಂಡೆಯಿಟ್ಟರೆ ಬೆಳಗಾಗುವಷ್ಟರಲ್ಲಿ ಕಳಚಿರುತ್ತದೆ. ಅದಕ್ಕೇ ಅನುಭವಿಗಳು ಉಂಡೆಯ ಎರಡೂ ಮುಖಕ್ಕೆ ಜೆಲ್ ರೂಪದ ಸೂಪರ್ ಗ್ಲೂ ಸವರುತ್ತಾರೆ. ಗ್ಲೂ ತೇವ ತಾಗಿದ ಕೂಡಲೇ ಅಂಟುತ್ತದೆ, ಪುಟ್ಟಿ ನಿಧಾನವಾಗಿ ಭಾರ ಹೊರುತ್ತದೆ. ಹವಳದ ಜೀವಂತ ಮಾಂಸದ ಮೇಲೆ ಪುಟ್ಟಿ ಒತ್ತಬಾರದು. ಅದು ಕೂತಿರುವ ಪುಟ್ಟ ಕಲ್ಲಿಗೆ ಮಾತ್ರ. ಮೃದು ಹವಳಗಳು ಲೋಳೆ ಬಿಟ್ಟು ಯಾವ ಅಂಟನ್ನೂ ಕಳಚಿಕೊಳ್ಳುತ್ತವೆ, ಹಾಗಾಗಿ ಅವನ್ನು ಈಗಾಗಲೇ ಹಿಡಿದುಕೊಂಡ ಕಲ್ಲಿನ ಸಮೇತವೇ ಕೂರಿಸಬೇಕು. ಗುಂಡಿಯಂತೆ ಗುಂಪಾಗಿ ಬೆಳೆಯುವ ಜೋಆಂಥಿಡ್‌ಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಕೈಗವಸಿನ ಜೊತೆಗೆ ಕಣ್ಣಿಗೆ ಕನ್ನಡಕವೂ ಇರಲಿ.

ಒಂದೇ ದಿನ ಹತ್ತಾರು ಉಂಡೆ ಹಾಕಬೇಡಿ. ಪುಟ್ಟಿ ಗಟ್ಟಿಯಾಗುವಾಗ ನೀರು ಮಬ್ಬಾಗಬಹುದು, ನೊರೆ ತೆಗೆಯುವ ಸ್ಕಿಮ್ಮರ್ ಉಕ್ಕಿ ಹರಿಯಬಹುದು. ಬೋರ್‌ವೆಲ್ ನೀರನ್ನಂತೂ ನೇರವಾಗಿ ತುಂಬಬೇಡಿ. ಕ್ಯಾಲ್ಸಿಯಂ ಇದೆಯೆಂದು ಖುಷಿಪಟ್ಟರೆ ಅದರ ಜೊತೆ ನೈಟ್ರೇಟ್, ಸಿಲಿಕಾ ಕೂಡ ಬಂದು ತೊಟ್ಟಿ ತುಂಬ ಪಾಚಿಯಾಗುತ್ತದೆ. ಆರ್‌ಒ ನೀರಿಗೆ ಸಮುದ್ರದ ಉಪ್ಪು ಬೆರೆಸುವುದೇ ಸರಿಯಾದ ದಾರಿ.

ಇಷ್ಟೆಲ್ಲ ಏಕೆ? ಸಡಿಲ ಕೂತ ಹವಳವನ್ನು ಒಂದು ಶಂಖದ ಹುಳು ಕೂಡ ಉರುಳಿಸಬಲ್ಲದು. ಮರಳಿಗೆ ಮುಖ ಮಾಡಿ ಬಿದ್ದ ಭಾಗ ಕೊಳೆಯುತ್ತದೆ, ಪಕ್ಕದ ಹವಳಕ್ಕೆ ತಾಗಿದರೆ ಅದು ಕುಟುಕಿ ಸುಡುತ್ತದೆ. ಅಲುಗದೆ ನಿಂತರೆ ಹವಳವೇ ವಾರಗಳಲ್ಲಿ ಪುಟ್ಟಿಯ ಮೇಲೆ ಹಬ್ಬಿ ಕಲ್ಲನ್ನು ಹಿಡಿಯುತ್ತದೆ. ಮನ್ನಾರ್ ಕೊಲ್ಲಿಯಲ್ಲಿ ತೂತ್ತುಕುಡಿಯ ಸುಗಂಧಿ ದೇವದಾಸನ್ ಸಾಗರ ಸಂಶೋಧನಾ ಸಂಸ್ಥೆಯವರು ಹಾಳಾದ ಹವಳ ದಿಬ್ಬಗಳನ್ನು ಮತ್ತೆ ಬೆಳೆಸಲು ಹವಳದ ತುಂಡುಗಳನ್ನು ಸಿಮೆಂಟ್ ಬಿಲ್ಲೆಗಳಿಗೆ ನೂಲಿನಿಂದ ಕಟ್ಟಿ ಕಾಂಕ್ರೀಟ್ ಚೌಕಟ್ಟುಗಳ ಮೇಲೆ ಇಟ್ಟಿದ್ದೂ ಇದೇ ಕಾರಣಕ್ಕೆ. ಅಲ್ಲಿ ನೂಲು ಮಾಡಿದ ಕೆಲಸವನ್ನು ಇಲ್ಲಿ ಪುಟ್ಟಿ ಮಾಡುತ್ತದೆ.

ಆದರೆ ಪುಟ್ಟಿ ಕೊಳ್ಳುವ ಮುನ್ನ ಕಾನೂನು ನೋಡಬೇಕು. ದಿಬ್ಬ ಕಟ್ಟುವ ಎಲ್ಲ ಗಟ್ಟಿ ಹವಳ, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸಮುದ್ರ ಬೀಸಣಿಗೆ ಇವೆಲ್ಲ 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ. ಹುಲಿಗಿರುವ ರಕ್ಷಣೆಯೇ ಇವಕ್ಕೂ ಇದೆ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲಿನ ಹವಳವನ್ನು ಮುಳುಗಿ ನೋಡಿ ಬರಬಹುದು, ಮುರಿದು ತರುವಂತಿಲ್ಲ. ಅಂಗಡಿಯವರು "ಏನೂ ಆಗಲ್ಲ ಸಾರ್, ಎಲ್ಲರೂ ಇಟ್ಕೊಂಡಿದ್ದಾರೆ" ಎಂದರೆ ನಂಬಬೇಡಿ. ಜೀವಿಯ ಜಾತಿ ಯಾವುದು, ಎಲ್ಲಿಂದ ಬಂತು, ಕಾಗದಪತ್ರ ಎಲ್ಲಿ ಎಂದು ಕೇಳಿ. ಉತ್ತರ ಬಾರದಿದ್ದರೆ ಖಾಲಿ ಕೈಯಲ್ಲಿ ಮನೆಗೆ ಬನ್ನಿ.