ಮಗಳ ಚಷ್ಮಾ ಮುಚ್ಚಿಡಲು ರಾತ್ರಿ ಲೆನ್ಸ್ ಬೇಡ

ಈದ್ ಮುಗಿದ ವಾರ ಎಂ.ಕೆ. ಹುಬ್ಬಳ್ಳಿಯ ನನ್ನ ದವಾಖಾನೆಗೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳಿಗೆ ಹತ್ತೊಂಬತ್ತು ವರ್ಷ, ಬಿ.ಕಾಂ. ಓದುತ್ತಿದ್ದಾಳೆ. ಎರಡೂ ಕಣ್ಣಿಗೆ ಮೈನಸ್ ನಾಲ್ಕರ ಚಷ್ಮಾ. ತಾಯಿ ಮೊಬೈಲ್ ತೆಗೆದು ಒಂದು ವಿಡಿಯೊ ತೋರಿಸಿದರು. “ಹಕೀಮ್ ಸಾಬ್, ರಾತ್ರಿ ಹಾಕ್ಕೊಂಡು ಮಲಗೂ ಲೆನ್ಸ್ ಅಂತ್ರಿ. ಮುಂಜಾನೆ ತಗದ್ರ ದಿನಾಪೂರ್ತಿ ಚಷ್ಮಾ ಬ್ಯಾಡಂತ. ಬರೂ ತಿಂಗಳ ಹುಡುಗನ ಕಡೆಯವ್ರು ನೋಡಾಕ ಬರಾವ್ರದಾರ. ಹಾಕ್ಸಿದ್ರ ಯಾರಿಗೂ ಗೊತ್ತಾಗಂಗಿಲ್ಲಲ್ರಿ?”

ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆ ಲೆನ್ಸ್ ಸುಳ್ಳಲ್ಲ. ಬೆಳೆಯುವ ಮಗುವಿನ ನಂಬರ್ ವರ್ಷ ವರ್ಷ ಏರುತ್ತಿದ್ದರೆ, ಆ ಏರಿಕೆಯನ್ನು ನಿಧಾನಗೊಳಿಸಲು ಕಣ್ಣಿನ ವೈದ್ಯರ ಸಲಹೆಯಂತೆ ಅದನ್ನು ಬಳಸಬಹುದು. ಮನೆಯವರು ಅದರ ಶುಚಿತ್ವದ ನಿಯಮಗಳನ್ನು ಒಂದು ರಾತ್ರಿಯೂ ತಪ್ಪದೆ ಪಾಲಿಸಬೇಕು. ಆದರೆ ಮಗಳಿಗೆ ಚಷ್ಮಾ ಇದೆ ಎಂಬುದನ್ನು ಮುಚ್ಚಿಡಲು ಅದನ್ನು ಹಾಕಿಸಬೇಡಿ. ಯಾಕೆಂದು ವಿವರಿಸುತ್ತೇನೆ.

ಈ ಲೆನ್ಸ್ ಏನು ಮಾಡುತ್ತದೆ?

ಕಣ್ಣಿನ ಕಪ್ಪು ಭಾಗದ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರಕ್ಕೆ ಕಾರ್ನಿಯಾ ಎನ್ನುತ್ತಾರೆ. ನಮ್ಮ ಯುನಾನಿ ಗ್ರಂಥಗಳಲ್ಲಿ ಅದರ ಹೆಸರು ತಬ್ಕಾ ಕರ್ನಿಯಾ. ಅರಬಿಯಲ್ಲಿ ‘ಕರ್ನ್’ ಎಂದರೆ ಕೊಂಬು. ತೆಳ್ಳಗೆ ಕೆತ್ತಿದ ಕೊಂಬಿನ ಹಾಳೆಯಂತೆ ಕಾಣುವುದರಿಂದ ಈ ಹೆಸರು. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನ ಹುನೈನ್ ಇಬ್ನ್ ಇಸ್‌ಹಾಕ್ ಕಣ್ಣಿನ ಒಂದೊಂದೇ ಪದರವನ್ನು ವಿವರಿಸಿ ಬರೆದಿದ್ದರು.

ದೂರದ್ದು ಮಸುಕಾಗಿ ಕಾಣುವ ಸಮೀಪದೃಷ್ಟಿಯಲ್ಲಿ ಸಾಮಾನ್ಯವಾಗಿ ಕಣ್ಣಿನ ಗುಡ್ಡೆ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ. ದೊಡ್ಡವರ ಕಣ್ಣಿನ ಉದ್ದ ಸುಮಾರು 24 ಮಿ.ಮೀ. ಅದು ಒಂದು ಮಿ.ಮೀ. ಹೆಚ್ಚಿದರೂ ಎರಡೂವರೆಯಿಂದ ಮೂರು ನಂಬರ್ ಏರುತ್ತದೆ. ಆಗ ಬೆಳಕು ಹಿಂಭಾಗದ ಅಕ್ಷಿಪಟಲವನ್ನು ಮುಟ್ಟುವ ಮೊದಲೇ ಒಂದೆಡೆ ಕೂಡುತ್ತದೆ.

ಇದಕ್ಕಾಗಿ ಮಾಡಿದ ರಾತ್ರಿ ಲೆನ್ಸ್‌ನ ವಿಧಾನಕ್ಕೆ ಆರ್ಥೋಕೆರಟಾಲಜಿ ಎಂಬ ದೊಡ್ಡ ಹೆಸರಿದೆ. ವೈದ್ಯರು ಚಿಕ್ಕದಾಗಿ ಆರ್ಥೋ-ಕೆ ಎನ್ನುತ್ತಾರೆ. ಲೆನ್ಸ್ ಗಟ್ಟಿಯಾಗಿರುತ್ತದೆ, ಆದರೆ ಗಾಳಿ ಹಾಯುತ್ತದೆ. ಅದನ್ನು ಹಾಕಿಕೊಂಡು ಏಳೆಂಟು ತಾಸು ಮಲಗಿದರೆ ಕಾರ್ನಿಯಾದ ಮೇಲ್ಪದರ ನಡುವೆ ಸ್ವಲ್ಪ ತೆಳುವಾಗಿ, ಸುತ್ತಲೂ ಸ್ವಲ್ಪ ದಪ್ಪವಾಗುತ್ತದೆ. ಈ ಬದಲಾವಣೆ ಒಂದು ಕೂದಲಿನ ದಪ್ಪಕ್ಕಿಂತ ಕಡಿಮೆ. ಆದರೂ ಬೆಳಿಗ್ಗೆ ಲೆನ್ಸ್ ತೆಗೆದ ಮೇಲೆ ಹಗಲೆಲ್ಲ ದೂರದ ಅಕ್ಷರ ಕಾಣಲು ಅಷ್ಟೇ ಸಾಕು. ಇಂಥ ಪ್ರಯತ್ನ ಅಮೆರಿಕದಲ್ಲಿ 1960ರ ದಶಕದಲ್ಲೇ ಶುರುವಾಗಿತ್ತು. ರಾತ್ರಿ ಧರಿಸುವ ಲೆನ್ಸ್‌ಗೆ ಅಲ್ಲಿನ ಸರಕಾರಿ ಔಷಧ ನಿಯಂತ್ರಣ ಇಲಾಖೆ 2002ರಲ್ಲಿ ಒಪ್ಪಿಗೆ ಕೊಟ್ಟಿತು. ಆ ಲೆನ್ಸ್‌ಗೆ ಗರಿಷ್ಠ ಮೈನಸ್ ಆರರವರೆಗೆ ಅನುಮತಿ ಇತ್ತು.

ಇದನ್ನು ಇಸ್ತ್ರಿ ಹಾಕಿದ ಅಂಗಿಗೆ ಹೋಲಿಸಬಹುದು. ಇವತ್ತು ಸುಕ್ಕಿಲ್ಲ ಎಂದರೆ ನಾಳೆಯೂ ಇರುವುದಿಲ್ಲ ಎಂದಲ್ಲ. ಲೆನ್ಸ್ ಹಾಕುವುದನ್ನು ಬಿಟ್ಟರೆ ಕೆಲವೇ ದಿನಗಳಲ್ಲಿ ಹಳೆಯ ನಂಬರ್ ಮರಳತೊಡಗುತ್ತದೆ. ಉದ್ದವಾದ ಕಣ್ಣು ಯಾವ ಲೆನ್ಸ್‌ನಿಂದಲೂ ಗಿಡ್ಡವಾಗುವುದಿಲ್ಲ. “ನಂಬರ್ ಶಾಶ್ವತವಾಗಿ ಹೋಗುತ್ತದೆ” ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಯಾರಿಗೆ ಉಪಯೋಗ?

ಏಳರಿಂದ ಹನ್ನೆರಡು ವರ್ಷದ, ನಂಬರ್ ಬೇಗ ಬೇಗ ಏರುತ್ತಿರುವ ಮಕ್ಕಳಿಗೆ ಇದರ ಉಪಯೋಗ ಹೆಚ್ಚು. ಹಾಂಗ್‌ಕಾಂಗ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಎರಡು ವರ್ಷಗಳ ಅಧ್ಯಯನದಲ್ಲಿ, ಚಷ್ಮಾ ಹಾಕಿದ ಮಕ್ಕಳಿಗಿಂತ ಈ ಲೆನ್ಸ್ ಹಾಕಿದ ಮಕ್ಕಳ ಕಣ್ಣು ಉದ್ದವಾಗುವುದು ಶೇ. 43ರಷ್ಟು ಕಡಿಮೆಯಾಗಿತ್ತು. ಅಂದರೆ ಏರಿಕೆ ನಿಧಾನವಾಯಿತು, ನಿಲ್ಲಲಿಲ್ಲ. ಇದು ಸಣ್ಣ ಲಾಭವಲ್ಲ. ನಂಬರ್ ಆರು ದಾಟಿ ಮೇಲೇರಿದಂತೆ ಮುಂದೆ ಅಕ್ಷಿಪಟಲ ಕಳಚುವ, ಗ್ಲಾಕೋಮಾ ಬರುವ ಅಪಾಯ ಹೆಚ್ಚುತ್ತದೆ.

ಆದರೆ ದಾರಿ ಇದೊಂದೇ ಅಲ್ಲ. ಕಣ್ಣಿನ ವೈದ್ಯರು ಬರೆದುಕೊಡುವ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಗಳಿವೆ. ಏರಿಕೆ ತಗ್ಗಿಸಲೆಂದೇ ಮಾಡಿದ ಚಷ್ಮಾ ಗಾಜುಗಳೂ ಈಗ ಸಿಗುತ್ತವೆ. ರಾತ್ರಿ ಲೆನ್ಸ್‌ಗೆ ಹತ್ತಾರು ಸಾವಿರ ರೂಪಾಯಿ ಬೇಕು. ಕಾಲಕಾಲಕ್ಕೆ ಹೊಸ ಜೋಡಿ ಕೊಳ್ಳಬೇಕು, ದ್ರಾವಣದ ಖರ್ಚು ಬೇರೆ. ಮೊದಲ ರಾತ್ರಿಯ ಮರುದಿನ, ಮೊದಲ ವಾರ, ಮೊದಲ ತಿಂಗಳು, ಆಮೇಲೆ ಕೆಲವು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಲೇಬೇಕು. ಹಣ ಕೊಡುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಬೆಂಗಳೂರಿನಲ್ಲಿ ಲೆನ್ಸ್ ಹಾಕಿಸಿಕೊಂಡು ಬಂದ ಮಗುವಿನ ಕಣ್ಣು ಶುಕ್ರವಾರ ರಾತ್ರಿ ಕೆಂಪಾದರೆ, ಶನಿವಾರ ಬೆಳಿಗ್ಗೆ ಅದನ್ನು ನೋಡುವ ಕಣ್ಣಿನ ವೈದ್ಯರು ಬೆಳಗಾವಿಯಲ್ಲೋ ಧಾರವಾಡದಲ್ಲೋ ಹುಬ್ಬಳ್ಳಿ ಶಹರದಲ್ಲೋ ಯಾರು? ಉತ್ತರ ಸಿದ್ಧವಿಲ್ಲದಿದ್ದರೆ ಲೆನ್ಸ್ ಬೇಡ.

ನೀರೇ ಇದರ ಶತ್ರು

ಅಮೆರಿಕದಲ್ಲಿ 2013ರಲ್ಲಿ ಪ್ರಕಟವಾದ ಒಂದು ಲೆಕ್ಕದಂತೆ, ಹತ್ತು ಸಾವಿರ ಮಕ್ಕಳು ಒಂದು ವರ್ಷ ಈ ಲೆನ್ಸ್ ಹಾಕಿದರೆ ಸುಮಾರು 14 ಮಕ್ಕಳ ಕಾರ್ನಿಯಾಕ್ಕೆ ಸೋಂಕು ತಗಲುತ್ತದೆ. ಸಂಖ್ಯೆ ಚಿಕ್ಕದು. ಆದರೆ ಕಾರ್ನಿಯಾದ ಮೇಲೆ ಬಿಳಿ ಕಲೆ ಉಳಿದರೆ ಆ ಮಗುವಿನ ದೃಷ್ಟಿ ಜೀವನಪೂರ್ತಿ ಮಸುಕು. 2000ದ ಆಸುಪಾಸಿನಲ್ಲಿ ಚೀನಾ, ತೈವಾನ್, ಹಾಂಗ್‌ಕಾಂಗ್‌ಗಳಲ್ಲಿ ಹೀಗೆ ಅನೇಕ ಮಕ್ಕಳ ಕಣ್ಣು ಕೆಟ್ಟಿತು. ಅವರಲ್ಲಿ ಹಲವರಿಗೆ ತಗಲಿದ್ದು ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ. ಅದು ವಾಸಿಸುವುದು ಮಣ್ಣಿನಲ್ಲಿ, ನಲ್ಲಿ ನೀರಿನಲ್ಲಿ, ಟ್ಯಾಂಕಿನಲ್ಲಿ. ಚಿಪ್ಪು ಕಟ್ಟಿಕೊಂಡಿತೆಂದರೆ ಕ್ಲೋರಿನ್ ಹಾಕಿದ ನೀರಿನಲ್ಲೂ ಬದುಕುತ್ತದೆ.

ನಮ್ಮ ಮನೆಗಳ ನೀರು ಮಲಪ್ರಭೆಯದಿರಲಿ, ಬೋರ್‌ವೆಲ್‌ನದಿರಲಿ, ಮಾಳಿಗೆಯ ಟ್ಯಾಂಕಿನಿಂದಲೇ ಇಳಿದು ಬರುತ್ತದೆ. ಮಸೀದಿಯ ಹೌಜಿನ ನೀರೂ ನಿಂತ ನೀರೇ. ಕುಡಿಯಲು, ವುಝೂಗೆ ಅದು ಒಳ್ಳೆಯದಿರಬಹುದು, ಲೆನ್ಸ್‌ಗೆ ಮಾತ್ರ ಅಲ್ಲ. ಕಾಯಿಸಿ ಆರಿಸಿದ ನೀರು, ಬಾಟಲಿ ನೀರು, ಬಾಯಿಯ ಉಗುಳು ಯಾವುದೂ ಆಗದು. ಝಮ್‌ಝಮ್ ಕುಡಿದು ದುಆ ಮಾಡಿ, ಲೆನ್ಸ್‌ಗೆ ಮಾತ್ರ ಹಚ್ಚಬೇಡಿ. ವೈದ್ಯರು ಹೇಳಿದ ದ್ರಾವಣ ಬಿಟ್ಟು ಬೇರೇನೂ ಲೆನ್ಸನ್ನಾಗಲಿ ಅದರ ಡಬ್ಬಿಯನ್ನಾಗಲಿ ಮುಟ್ಟಬಾರದು. ನಿನ್ನೆಯ ದ್ರಾವಣ ಚೆಲ್ಲಿ ಪ್ರತಿದಿನ ಹೊಸದು ಹಾಕಬೇಕು.

ವುಝೂ ಬಗ್ಗೆ ಹಲವರು ಕೇಳುತ್ತಾರೆ. ಮುಖ ತೊಳೆಯುವ ಕಡ್ಡಾಯದಲ್ಲಿ ಕಣ್ಣಿನ ಒಳಭಾಗ ಸೇರುವುದಿಲ್ಲ. ಆದ್ದರಿಂದ ಲೆನ್ಸ್ ಇದ್ದರೆ ವುಝೂಗೆ ಅಡ್ಡಿಯಿಲ್ಲ. ಸಂಶಯವಿದ್ದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ. ನನ್ನ ಚಿಂತೆ ಕಣ್ಣಿನದು. ಇಶಾ ನಮಾಝ್ ಮುಗಿಸಿ, ಸಾಬೂನಿನಿಂದ ಕೈ ತೊಳೆದು, ಸ್ವಚ್ಛ ಟವೆಲಿನಲ್ಲಿ ಪೂರ್ತಿ ಒರೆಸಿಕೊಂಡು, ಆಮೇಲೆ ಲೆನ್ಸ್ ಹಾಕಿ ಮಗುವನ್ನು ಮಲಗಿಸಿ. ನಿದ್ದೆಯಿಂದ ಎದ್ದವರು ಪಾತ್ರೆಗೆ ಕೈ ಅದ್ದುವ ಮೊದಲು ಕೈ ತೊಳೆದುಕೊಳ್ಳಬೇಕೆಂದು ಪ್ರವಾದಿ(ಸ) ನಮಗೆ ಕಲಿಸಿದ್ದಾರೆ. ಇಲ್ಲೂ ಹಾಗೆಯೇ ಮಾಡಿ. ಫಜ್ರ್‌ಗೆ ಎದ್ದ ಕೂಡಲೇ ಕೈ ತೊಳೆದು ಒರೆಸಿ, ವೈದ್ಯರು ಕೊಟ್ಟ ಹನಿ ಹಾಕಿ, ಲೆನ್ಸ್ ಸಡಿಲವಾದ ಮೇಲೆ ತೆಗೆದು ಡಬ್ಬಿಗೆ ಹಾಕಿ. ವುಝೂ ಆನಂತರ. ರಮಝಾನಿನಲ್ಲಿ ತರಾವೀಹ್ ಮುಗಿದು ಸಹರಿಗೆ ಏಳುವುದರೊಳಗೆ ಏಳೆಂಟು ತಾಸು ನಿದ್ದೆ ಸಿಗುವುದಿಲ್ಲ. ಆಗ ಸಂಜೆ ಹೊತ್ತಿಗೆ ದೂರದ್ದು ಮಂಜಾಗಬಹುದು. ವೈದ್ಯರಿಗೆ ಇದನ್ನು ಮೊದಲೇ ತಿಳಿಸಿ, ಒಂದು ಚಷ್ಮಾ ಇಟ್ಟುಕೊಂಡಿರಿ.

ಕಣ್ಣು ಕೆಂಪಾದರೆ, ನೋವು ಬಂದರೆ, ನೀರು ಸುರಿದರೆ, ಬೆಳಕು ನೋಡಲಾಗದಿದ್ದರೆ ಲೆನ್ಸ್ ತೆಗೆಯಿರಿ, ಮತ್ತೆ ಹಾಕಬೇಡಿ. ಲೆನ್ಸ್, ಡಬ್ಬಿ ಎರಡನ್ನೂ ಹಿಡಿದುಕೊಂಡು ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ನನ್ನ ಹತ್ತಿರ ಬರಬೇಡಿ. ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಅಂಥ ಕಣ್ಣಿಗೆ ಗುಲಾಬಿ ಜಲ, ಜೇನು, ಸುರ್ಮಾ ಹಾಕಿ ಎರಡು ದಿನ ಕಾಯುವುದು ಕಣ್ಣನ್ನು ಕಳೆದುಕೊಳ್ಳುವ ದಾರಿ. ಉದ್ದವಾದ ಕಣ್ಣನ್ನು ಗಿಡ್ಡ ಮಾಡುವ ಮಾಜೂನ್, ಅರ್ಕ, ಸುರ್ಮಾ ಯಾವುದೂ ನಮ್ಮಲ್ಲಿಲ್ಲ. ಇದೆ ಎನ್ನುವವರು ನಮ್ಮ ವಿದ್ಯೆಗೇ ಕೆಟ್ಟ ಹೆಸರು ತರುತ್ತಾರೆ. ಪೇಟೆಯ ಎಷ್ಟೋ ಸುರ್ಮಾಗಳಲ್ಲಿ ಸೀಸದ ಅಂಶವಿದೆ. ಮಕ್ಕಳ ಕಣ್ಣಿಗಂತೂ ಅವನ್ನು ಹಚ್ಚಲೇಬೇಡಿ.

ಡಬ್ಬಿ ಎಲ್ಲಿ ಮುಚ್ಚಿಡಲಿ?

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ವಯಸ್ಸಿಗೆ ಬಂದವರು ಎಲ್ಲವನ್ನೂ ತಿಳಿದು, ತಮ್ಮ ಅನುಕೂಲಕ್ಕೆ, ತಮ್ಮ ಇಷ್ಟದಿಂದ ಈ ಲೆನ್ಸ್ ಹಾಕಿಕೊಂಡರೆ ನನ್ನ ತಕರಾರಿಲ್ಲ. ಆದರೆ ಇಲ್ಲಿ ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಅವಳು ತಾಯಿಯ ಮುಖ ನೋಡಿ ಮೆಲ್ಲಗೆ ಹೇಳಿದಳು: “ನಿಕಾಹ್ ಆದ ಮ್ಯಾಲ ದಿನಾ ರಾತ್ರಿ ಆ ಡಬ್ಬಿ ಎಲ್ಲಿ ಮುಚ್ಚಿಡ್ಲಿ, ಅಮ್ಮಿ?”

ತಾಯಿಗೆ ಉತ್ತರ ಹೊಳೆಯಲಿಲ್ಲ. ನೀವೂ ಯೋಚಿಸಿ. ಹೊಸ ಮನೆಗೆ ಹೋದ ಹುಡುಗಿ ಪ್ರತಿ ರಾತ್ರಿ ಕದ್ದು ಲೆನ್ಸ್ ಹಾಕಬೇಕು, ಪ್ರತಿ ಬೆಳಿಗ್ಗೆ ಕದ್ದು ತೆಗೆಯಬೇಕು. ಕದ್ದು ಮಾಡುವ ಕೆಲಸದಲ್ಲಿ ಕೈ ತೊಳೆಯುವುದು, ಒಣಗಿಸುವುದು, ದ್ರಾವಣ ಬದಲಿಸುವುದು ಇದ್ದೀತೇ? ಕಣ್ಣು ಕೆಂಪಾದಾಗ ಅತ್ತೆಗೆ ಏನೆಂದು ಹೇಳುವುದು? ಹೇಳಲಾಗದೆ ಎರಡು ದಿನ ತಡೆದುಕೊಂಡರೆ? ಸೋಂಕಿಗೆ ಬೇಕಾಗಿರುವುದು ಆ ಎರಡು ದಿನವೇ. ಲೆನ್ಸ್ ಬಿಟ್ಟರೆ ಒಂದು ವಾರದಲ್ಲಿ ಗುಟ್ಟು ರಟ್ಟಾಗುತ್ತದೆ. ಆಗ ಮಾತು ಚಷ್ಮಾದ್ದಾಗಿ ಉಳಿಯುವುದಿಲ್ಲ, ಮೋಸದ್ದಾಗುತ್ತದೆ.

ಧಾನ್ಯದ ರಾಶಿಯ ಒಳಗೆ ಕೈ ಹಾಕಿ ಕೆಳಗಿನ ಒದ್ದೆಯನ್ನು ಕಂಡು, ಅದನ್ನು ಜನ ನೋಡುವಂತೆ ಮೇಲೆ ಯಾಕಿಡಲಿಲ್ಲವೆಂದು ಪ್ರವಾದಿ(ಸ) ವ್ಯಾಪಾರಿಯನ್ನು ಕೇಳಿದ ಪ್ರಸಂಗ ನಿಮಗೆಲ್ಲ ಗೊತ್ತು. ನಮ್ಮ ಹೆಣ್ಣುಮಕ್ಕಳು ಧಾನ್ಯದ ರಾಶಿಯಲ್ಲ, ಚಷ್ಮಾ ಒಂದು ಐಬೂ ಅಲ್ಲ. ಅದನ್ನು ಮುಚ್ಚಿಟ್ಟು ಐಬು ಮಾಡುವವರು ನಾವೇ. ಗಂಡುಮಕ್ಕಳ ತಂದೆತಾಯಿಗಳಿಗೂ ಒಂದು ಮಾತು: ನಿಮ್ಮ ಮಗನ ಚಷ್ಮಾ ಓದಿದವನ ಗುರುತಾದರೆ, ಅವರ ಮಗಳ ಚಷ್ಮಾ ಹೇಗೆ ಕೊರತೆಯಾಯಿತು? ನೋಡಲು ಹೋದ ಮನೆಯಲ್ಲಿ ಚಷ್ಮಾದ ಮಾತೆತ್ತಿ ರಿಷ್ತಾ ಬಿಡುವವರು ಇರುವವರೆಗೆ ಇಂಥ ತಾಯಂದಿರು ನನ್ನ ದವಾಖಾನೆಗೆ ಬರುತ್ತಲೇ ಇರುತ್ತಾರೆ.

ಅಸರ್‌ನಿಂದ ಮಗ್ರಿಬ್‌ವರೆಗೆ

ದುಡ್ಡಿಲ್ಲದೆ ಮಾಡಬಹುದಾದ ಕೆಲಸವೂ ಇದೆ. ಚೀನಾದ ಗ್ವಾಂಗ್‌ಝೌನಲ್ಲಿ ಕೆಲವು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚು ಬಯಲಲ್ಲಿರಲು ಬಿಟ್ಟರು. 2015ರಲ್ಲಿ ಫಲಿತಾಂಶ ಬಂತು. ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದದ್ದು ಆ ಶಾಲೆಗಳಲ್ಲಿ ಶೇ. 30ರಷ್ಟು ಮಕ್ಕಳಿಗೆ, ಉಳಿದ ಶಾಲೆಗಳಲ್ಲಿ ಶೇ. 40ರ ಹತ್ತಿರ. ದಿಲ್ಲಿಯ ಶಾಲಾ ಮಕ್ಕಳ ಅಧ್ಯಯನದಲ್ಲೂ ಹೊರಗೆ ಹೆಚ್ಚು ಹೊತ್ತು ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ಕಡಿಮೆ ಕಂಡುಬಂದಿತ್ತು.

ನಮ್ಮ ಮಕ್ಕಳ ದಿನ ಹೇಗಿದೆ ನೋಡಿ. ಬೆಳಿಗ್ಗೆ ಮಕ್ತಬ್, ಆಮೇಲೆ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಮೊಬೈಲ್. ಹೆಣ್ಣುಮಕ್ಕಳಿಗೆ ಹತ್ತು ವರ್ಷ ತುಂಬಿದರೆ ಅಂಗಳವೂ ಇಲ್ಲ. ಮಕ್ತಬ್ ನಡೆಸುವವರಲ್ಲಿ, ಟ್ಯೂಷನ್ ಹೇಳುವವರಲ್ಲಿ ನನ್ನ ವಿನಂತಿ: ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತನ್ನು ಮಕ್ಕಳಿಗೇ ಬಿಟ್ಟುಕೊಡಿ. ಹುಡುಗರು ಬಯಲಲ್ಲಿ ಆಡಲಿ. ಹುಡುಗಿಯರಿಗೆ ಬಯಲು ಸಿಗದಿದ್ದರೆ ಮಾಳಿಗೆಯಾದರೂ ಸಿಗಲಿ. ಬೇಕಾಗಿರುವುದು ಆಕಾಶದ ಬೆಳಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಮಕ್ಕಳ ಕಣ್ಣನ್ನೂ ನೋಡುತ್ತದೆ. ಆ ದಿನ ಮಗುವಿಗೆ ರಜೆ ಹಾಕಿಸಬೇಡಿ. ಚೀಟಿ ಕೊಟ್ಟರೆ ಹರಿದು ಒಗೆಯಬೇಡಿ. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗವಿದೆ.

ಇವತ್ತು ರಾತ್ರಿಯೇ ಒಂದು ಕೆಲಸ ಮಾಡಿ. ಮಗುವನ್ನು ಕೋಣೆಯ ಈ ತುದಿಯಲ್ಲಿ ನಿಲ್ಲಿಸಿ, ಒಂದೊಂದೇ ಕಣ್ಣು ಮುಚ್ಚಿಸಿ, ಆ ತುದಿಯ ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಿ. ನಿಮಗೆ ಕಂಡದ್ದು ಅದಕ್ಕೆ ಕಾಣದಿದ್ದರೆ ಬೈಯಬೇಡಿ, ಕಣ್ಣಿನ ವೈದ್ಯರಿಗೆ ತೋರಿಸಿ. ಚಷ್ಮಾ ಬೇಕೆಂದರೆ ಹಾಕಿಸಿ. ಮಗಳಿಗಾದರೆ ಅವಳ ಇಷ್ಟದ ಬಣ್ಣದ ಚೌಕಟ್ಟನ್ನೇ ಕೊಡಿಸಿ, ಅದನ್ನು ಹಾಕಿಕೊಂಡೇ ಫೋಟೊ ತೆಗೆಸಿ. ರಿಷ್ತಾಕ್ಕೆ ಕಳಿಸುವಾಗಲೂ ಅದೇ ಫೋಟೊ ಕಳಿಸಿ.