ತಾಯಿಯವರ ಕಾರ್ಡಿಗನ್

ಹೆಣಿಗೆಯಲ್ಲಿ ಇಪ್ಪತ್ತು ವರ್ಷಗಳ ರೂಢಿಯುಳ್ಳ ನಾನು ನೂಲುವುದನ್ನು ಕಲಿಯಹೊರಟದ್ದು ಕಳೆದ ಶ್ರಾವಣದಲ್ಲಿ. ಪಾರ್ಶ್ವವಾಯುವಿನಿಂದ ನಮ್ಮ ತಾಯಿಯವರ ಬಲಗೈ ಮೇಲೇಳದಾಗಿದೆ. ತಲೆಯ ಮೇಲಿನಿಂದ ಇಳಿಸುವ ಸ್ವೆಟರೆಂದರೆ ಅವರಿಗೆ ನೋವು, ತೊಡಿಸುವವರಿಗೆ ಸಂಕಟ. ಮುಂಭಾಗ ತೆರೆದಿರುವ ಕಾರ್ಡಿಗನ್ನೇ ಆಗಬೇಕು. 1854ರಲ್ಲಿ ಕ್ರೈಮಿಯಾ ಯುದ್ಧದ ಕುದುರೆಸವಾರರನ್ನು ಮುನ್ನಡೆಸಿದ ಇಂಗ್ಲಿಷ್ ಸೇನಾನಿ ಕಾರ್ಡಿಗನ್ ಪ್ರಭುವಿನ ಹೆಸರು ಇಂತಹ ಸಾಧು ಉಡುಪಿಗೆ ಅಂಟಿಕೊಂಡಿರುವುದು ವಿನೋದವೇ ಸರಿ!

ಅಂಗಡಿಯ ಅಕ್ರಿಲಿಕ್ ನೂಲು ತಾಯಿಯವರ ಮೈಗೆ ಒಗ್ಗದು. ನಮ್ಮ ದಖ್ಖನಿ ಕುರಿಯ ಕರಿಯ ಉಣ್ಣೆ ಕಂಬಳಿಗೆ ಬಹು ಚೆನ್ನ. ಆದರೆ ಒರಟು, ವಯಸ್ಸಾದ ಚರ್ಮಕ್ಕೆ ಚುಚ್ಚುವುದು. ಕೊನೆಗೆ ಹಿಂಜಿ ಹದಗೊಳಿಸಿದ ಮೆರಿನೊ ಉಣ್ಣೆಯನ್ನು ತರಿಸಿ, ತಕಲಿ ಹಿಡಿದು ಕುಳಿತೆ.

ಮೊದಲ ದಿನದ ನೂಲು ಒಂದೆಡೆ ಹಗ್ಗ, ಇನ್ನೊಂದೆಡೆ ಜೇಡನ ಬಲೆ! ತಿರುಗಿಸುವುದನ್ನೂ ಎಳೆಯುವುದನ್ನೂ ಒಮ್ಮೆಗೇ ಮಾಡಹೊರಟದ್ದೇ ತಪ್ಪು. ಹೊಸಬರು ತಕಲಿಯನ್ನು ತಿರುಗಿಸಿ, ಮೊಣಕಾಲುಗಳ ನಡುವೆ ತಡೆದು ನಿಲ್ಲಿಸಿ, ಅನಂತರ ನಿಧಾನವಾಗಿ ಎಳೆ ತೆಗೆಯಬೇಕು. ಹುರಿಯು ಬೆರಳನ್ನು ದಾಟಿ ಉಣ್ಣೆಯ ರಾಶಿಯೊಳಕ್ಕೆ ನುಗ್ಗಿತೋ, ಎಷ್ಟು ಜಗ್ಗಿದರೂ ಎಳೆ ಬಾರದು.

ತಿಂಗಳೊಪ್ಪತ್ತಿನಲ್ಲಿ ನೂಲು ಸಮನಾಯಿತು. ಹಿಗ್ಗಿನಿಂದ ಬೆನ್ನಿನ ಭಾಗವನ್ನು ಹೆಣೆದೆ. ನೆಟ್ಟಗಿರಬೇಕಾದ ಬಟ್ಟೆ ಒಂದು ಪಕ್ಕಕ್ಕೆ ಓರೆಯಾಗಿ ವಾಲಿತ್ತು! ತಾಯಿಯವರು ಎಡಗೈಯ ಬೆರಳುಗಳಲ್ಲಿ ನೂಲನ್ನು ಹೊಸೆದು ನೋಡಿ, “ಒಂಟಿ ಎಳೆಗೆ ಇಷ್ಟು ಹುರಿ ಕೊಟ್ಟರೆ ತಿರುಚಿಕೊಳ್ಳದೆ ಏನು ಮಾಡೀತೇ? ಎರಡೆಳೆ ಸೇರಿಸಿ, ನೂತದ್ದಕ್ಕೆ ಎದುರು ದಿಕ್ಕಿನಲ್ಲಿ ಹುರಿಮಾಡು” ಎಂದರು. 1950ರ ಸುಮಾರಿನಲ್ಲಿ ಶಾಲೆಯಲ್ಲಿ ಅವರು ತಕಲಿಯಲ್ಲಿ ಹತ್ತಿ ನೂತಿದ್ದರಂತೆ. ಈ ಸಂಗತಿಯನ್ನು ಅವರು ಎಂದೂ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಹೆಣೆದುದನ್ನೆಲ್ಲ ಬಿಚ್ಚಿ, ಹೊಸ ನೂಲನ್ನು ಎರಡೆಳೆಯಾಗಿ ಹುರಿಮಾಡಿ, ಲಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒಣಗಿಸಿದೆ. ಉಜ್ಜಲಾಗದು, ಉಜ್ಜಿದರೆ ಉಣ್ಣೆ ಗಂಟುಕಟ್ಟುವುದು. ನಾಲ್ಕಂಗುಲದ ಮಾದರಿಯನ್ನು ಹೆಣೆದು, ಅದನ್ನೂ ಒಗೆದು ಒಣಗಿಸಿದ ಮೇಲೆಯೇ ಕುಣಿಕೆಗಳನ್ನು ಎಣಿಸಿದೆ. ಈ ಒಂದು ಸಂಜೆಯನ್ನು ಉಳಿಸಹೋಗಿ ತಿಂಗಳ ದುಡಿಮೆಯನ್ನು ಕಳೆದುಕೊಂಡವರನ್ನು ಬಲ್ಲೆ.

ತೊಡಿಸುವಾಗ ಮೊದಲು ಸೋತ ಕೈಗೇ ತೋಳನ್ನು ಏರಿಸಬೇಕಾದುದರಿಂದ ಬಲತೋಳನ್ನು ಎರಡಂಗುಲ ಸಡಿಲವಾಗಿ ಹೆಣೆದಿದ್ದೇನೆ. ಎಡತೋಳು ಇನ್ನೂ ಕಡ್ಡಿಯ ಮೇಲಿದೆ. ಗುಂಡಿಗಳು ಹಳೆಯ ಬೆಳ್ಳಿ ರೂಪಾಯಿಯಷ್ಟು ದೊಡ್ಡವಿರಬೇಕೆಂದು ತಾಯಿಯವರ ಆಜ್ಞೆ. ಎಡಗೈಯೊಂದರಿಂದಲೇ ತಾವೇ ಹಾಕಿಕೊಳ್ಳುವರಂತೆ.